ಹೋಗಿ ಬಂದವರ ಸಾಕ್ಷಿ

ಈ ಪುಸ್ತಕಗಳ ಕೊನೆಯಲ್ಲಿ ಒಂದು ಪತ್ರವಿರುತ್ತದೆ. ಖಳ ಸಿಕ್ಕಿಬಿದ್ದು, ನಾಯಕ ನಾಯಕಿಗೆ ಉಂಗುರ ತೊಡಿಸಿ, ಕತೆ ಮುಗಿದ ಮೇಲೆ ಪುಟ ತಿರುಗಿಸಿದರೆ 'ಪ್ರಿಯ ಓದುಗರೇ' ಎಂದು ಲೇಖಕಿ ನೇರವಾಗಿ ಮಾತಿಗಿಳಿಯುತ್ತಾರೆ. ಕತೆ ಬೇರೆ ದೇಶದಲ್ಲಿ ನಡೆದಿದ್ದರೆ ಆ ಪತ್ರದ ಧಾಟಿ ಹೆಚ್ಚುಕಡಿಮೆ ಒಂದೇ. ಈ ಊರಿಗೆ ನಾನೇ ಹೋಗಿದ್ದೆ. ಈ ಮಾರುಕಟ್ಟೆಯಲ್ಲಿ ನಡೆದಾಡಿದ್ದೆ. ಚರ್ಚಿನ ತಂಡದ ಜೊತೆ ಸೇವೆಗೆಂದು ಹೋದಾಗ ಕಂಡ ಒಂದು ಮುಖ ನನ್ನನ್ನು ಬಿಡಲಿಲ್ಲ, ಅದೇ ಈ ಕಾದಂಬರಿಯಾಯಿತು.

ನನ್ನ ತಕರಾರು ಈ ಪತ್ರದ ಜೊತೆ. ಕತೆಯ ಜೊತೆಗಿನ ಜಗಳ ಆಮೇಲಿನದು. ಹೋಗಿ ಬಂದೆ ಎನ್ನುವುದನ್ನೇ ಒಂದು ಪ್ರಮಾಣಪತ್ರದಂತೆ ತೋರಿಸುವ, ಅದನ್ನು ಕಂಡ ಕೂಡಲೇ ನಾವು ಗೌರವದಿಂದ ಪಕ್ಕಕ್ಕೆ ಸರಿಯುವ ಅಭ್ಯಾಸ ಇದೆಯಲ್ಲ, ಅದು ಸಾಹಿತ್ಯಕ್ಕೆ ಒಳ್ಳೆಯದಲ್ಲ. ಕ್ರೈಸ್ತ ರೊಮ್ಯಾಂಟಿಕ್ ಸಸ್ಪೆನ್ಸ್ ಎಂಬ ಪ್ರಕಾರದಲ್ಲಿ ಅದು ಹೆಚ್ಚು ನಿಚ್ಚಳವಾಗಿ ಕಾಣುತ್ತದೆ ಅಷ್ಟೆ.

ನಾನು ಈ ಪುಸ್ತಕಗಳನ್ನು ಓದತೊಡಗಿದ್ದು ಸಂಶೋಧನೆಗಾಗಿ ಅಲ್ಲ. ಬೆಂಗಳೂರಿನ ಪಿಜಿಯಲ್ಲಿ ನನ್ನ ರೂಮ್‌ಮೇಟ್ ಮಂಗಳೂರು ಕಡೆಯ ನರ್ಸ್. ನಾಲ್ಕು ವರ್ಷ ಗಲ್ಫಿನಲ್ಲಿ ದುಡಿದು ಬಂದವಳು. ಅವಳ ಮಂಚದ ಕೆಳಗಿನ ಸೂಟ್‌ಕೇಸಿನಲ್ಲಿ ಬೆನ್ನು ಬಿಟ್ಟುಕೊಂಡ ಮೂವತ್ತು ನಲವತ್ತು ಇಂಗ್ಲಿಷ್ ಕಾದಂಬರಿಗಳಿದ್ದವು. ಅಲ್ಲಿನ ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದವಂತೆ. ಲಾಕ್‌ಡೌನಿನ ದಿನಗಳಲ್ಲಿ ಓದಲು ಬೇರೇನೂ ಸಿಗದೆ ಒಂದನ್ನು ಎತ್ತಿಕೊಂಡೆ. ಆಮೇಲೆ ಒಂದಾದ ಮೇಲೊಂದು ಮುಗಿಸಿದೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ರಾತ್ರಿ ಎರಡು ಗಂಟೆಯವರೆಗೆ ಕೂರಿಸುವ ಕಸುಬು ಆ ಲೇಖಕಿಯರಿಗೆ ಗೊತ್ತಿದೆ. ನಮ್ಮ ವಿಭಾಗದಲ್ಲಿ ಇಂಥ ಪುಸ್ತಕ ಎಂದರೆ ಓದದೆಯೇ ನಗುವವರಿದ್ದಾರೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಒಂದು ತಲೆಮಾರಿಗೆ ಕನ್ನಡ ಓದುವ ಚಟ ಹಿಡಿಸಿದವು ಎಂದು ಭಾಷಣದಲ್ಲಿ ಹೇಳಿ, ಅವನ್ನು ಪಠ್ಯದ ಹತ್ತಿರ ಬಿಟ್ಟುಕೊಳ್ಳದವರೂ ಇವರೇ. ಆ ನಗೆಯಲ್ಲಿ ನನಗೆ ಪಾಲು ಬೇಡ.

ಈ ಪ್ರಕಾರವನ್ನು ಓದದವರಿಗಾಗಿ ಸ್ವಲ್ಪ ವಿವರ. ಅಮೆರಿಕದ ಪುಸ್ತಕದಂಗಡಿಗಳಲ್ಲಿ ಕ್ರೈಸ್ತ ಕಾದಂಬರಿಗೆ ಬೇರೆಯದೇ ಕಪಾಟು ಇರುತ್ತದೆ. ಜಾನೆಟ್ ಓಕ್ ಅವರ 'ಲವ್ ಕಮ್ಸ್ ಸಾಫ್ಟ್‌ಲಿ' 1979ರಲ್ಲಿ ಬಂದ ಮೇಲೆ ಆ ಕಪಾಟಿನಲ್ಲಿ ಪ್ರೇಮಕತೆಗೆ ದೊಡ್ಡ ಜಾಗ ಸಿಕ್ಕಿತು. ಹಾರ್ಲೆಕ್ವಿನ್ ಪ್ರಕಾಶನ 1997ರಲ್ಲಿ 'ಲವ್ ಇನ್‌ಸ್ಪೈರ್ಡ್' ಮಾಲೆಯನ್ನೂ 2005ರಲ್ಲಿ ಅದರ ಸಸ್ಪೆನ್ಸ್ ಕವಲನ್ನೂ ಆರಂಭಿಸಿತು. ಡೀ ಹೆಂಡರ್ಸನ್, ಟೆರ್ರಿ ಬ್ಲ್ಯಾಕ್‌ಸ್ಟಾಕ್, ಐರಿನ್ ಹ್ಯಾನನ್, ಲಿನೆಟ್ ಈಸನ್ ಇಲ್ಲಿನ ದೊಡ್ಡ ಹೆಸರುಗಳು. ಮೂರು ಎಳೆಗಳನ್ನು ಒಟ್ಟಿಗೆ ಹೆಣೆಯಬೇಕು: ಒಂದು ಅಪಾಯ, ಒಂದು ಪ್ರೇಮ, ಒಂದು ವಿಶ್ವಾಸದ ಪ್ರಶ್ನೆ. ಹೆಂಡರ್ಸನ್ ಅವರ 'ದಿ ನೆಗೋಷಿಯೇಟರ್' ಕಾದಂಬರಿಯಲ್ಲಿ ಕೇಟ್ ಓ'ಮ್ಯಾಲಿ ಒತ್ತೆಯಾಳುಗಳನ್ನು ಬಿಡಿಸಲು ಮಾತುಕತೆ ನಡೆಸುವ ಪೊಲೀಸ್ ಅಧಿಕಾರಿ. ಅವಳನ್ನು ಪ್ರೀತಿಸುವ ಎಫ್‌ಬಿಐ ಅಧಿಕಾರಿ ದೇವರನ್ನು ನಂಬುವವನು; ಅವಳು ನಂಬದವಳು. ಬಾಂಬ್ ಸಿಡಿಯುತ್ತದೆಯೋ ಇಲ್ಲವೋ ಎಂಬುದರಷ್ಟೇ ಮುಖ್ಯವಾದದ್ದು ಅವಳು ನಂಬುತ್ತಾಳೋ ಇಲ್ಲವೋ ಎಂಬುದು. ಎರಡೂ ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟುವುದು ಸುಲಭದ ಕೆಲಸವಲ್ಲ.

ಹೆಂಡರ್ಸನ್ ಕತೆ ನಡೆಯುವುದು ಷಿಕಾಗೊದಲ್ಲಿ, ಲೇಖಕಿಯ ಸ್ವಂತ ರಾಜ್ಯದಲ್ಲಿ. ನನಗೆ ಕಸಿವಿಸಿ ಶುರುವಾದದ್ದು ಕತೆ ವಿಮಾನ ಹತ್ತಿದಾಗ. ಒಂದೇ ಪುಸ್ತಕವನ್ನು ಬೊಟ್ಟುಮಾಡುವುದು ಅನ್ಯಾಯ. ಸೂಟ್‌ಕೇಸಿನ ಹಲವು ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟರೆ ಕಾಣುವ ಅಚ್ಚನ್ನು ಹೇಳುತ್ತೇನೆ. ನಾಯಕಿ ಎರಡು ವಾರದ ಮಿಷನ್ ಟ್ರಿಪ್ಪಿಗೆ ದಕ್ಷಿಣ ಅಮೆರಿಕಕ್ಕೋ ಆಫ್ರಿಕಕ್ಕೋ ಏಷ್ಯಕ್ಕೋ ಹೋಗುತ್ತಾಳೆ. ಅನಾಥಾಲಯದಲ್ಲಿ ಒಂದು ಮಗು ಅವಳ ಕೈ ಹಿಡಿಯುತ್ತದೆ. ಮಾರುಕಟ್ಟೆಯಲ್ಲಿ ಯಾರೋ ಹಿಂಬಾಲಿಸುತ್ತಾರೆ. ನಗುನಗುತ್ತಾ ಕಾರು ಓಡಿಸುತ್ತಿದ್ದ ಸ್ಥಳೀಯ ಡ್ರೈವರ್ ದುಡ್ಡಿಗೆ ಮಾರಿಕೊಂಡಿರುತ್ತಾನೆ. ಹಿಂದೆ ಸೈನ್ಯದಲ್ಲಿದ್ದ, ಒಳಗೊಳಗೇ ನೊಂದ, ದೇವರ ಮೇಲೆ ಮುನಿಸಿಕೊಂಡ ಅಮೆರಿಕನ್ ಗಂಡಸು ಅವಳನ್ನು ಕಾಪಾಡುತ್ತಾನೆ. ಕೊನೆಯ ಅಧ್ಯಾಯ ಅಮೆರಿಕದ ಒಂದು ಮನೆಯಂಗಳದಲ್ಲಿ. ಮಗುವನ್ನೂ ದತ್ತು ತಂದಿರುತ್ತಾರೆ. ಊರು ಅಲ್ಲೇ ಉಳಿದಿರುತ್ತದೆ.

ಇಲ್ಲಿ ಸಸ್ಪೆನ್ಸ್ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಿ. ಪ್ರೇಮ ಕೈಗೂಡುತ್ತದೆ ಎಂದು ಓದುಗರಿಗೆ ಮುಖಪುಟ ನೋಡಿದಾಗಲೇ ಗೊತ್ತು. ದೇವರು ಕೈಬಿಡುವುದಿಲ್ಲ ಎಂದೂ ಗೊತ್ತು. ಆ ಮಾತು ಕೊಟ್ಟೇ ಪುಸ್ತಕ ಮಾರಾಟವಾಗಿದೆ. ಕೊನೆ ಇಷ್ಟು ಗಟ್ಟಿಯಾಗಿ ನಿಗದಿಯಾದ ಕತೆಯಲ್ಲಿ ಎದೆ ಢವಗುಟ್ಟಬೇಕಾದರೆ ಭಯವನ್ನು ಹೊರಗಿನಿಂದ ತರಬೇಕು. ಪ್ರಯಾಣ ಆ ಕೆಲಸ ಮಾಡುತ್ತದೆ. ಗೊತ್ತಿಲ್ಲದ ಭಾಷೆ, ಕತ್ತಲ ಗಲ್ಲಿ, ನಂಬಲಾಗದ ಪೊಲೀಸ್, ಅರ್ಥವಾಗದ ಪ್ರಾರ್ಥನೆಯ ದನಿ. ಅಪಾಯವನ್ನು ಆ ಊರು ಕೊಡಬೇಕು, ಅಭಯವನ್ನು ನಾಯಕಿಯ ವಿಶ್ವಾಸ ಕೊಡಬೇಕು. ಈ ಹಂಚಿಕೆಯಲ್ಲಿ ನಷ್ಟ ಯಾವಾಗಲೂ ಊರಿನದೇ. ಅಲ್ಲಿನವರ ಬಡತನ, ಅಲ್ಲಿನ ಗಲಭೆ, ಅಲ್ಲಿನ ಬಂದೂಕು ಎಲ್ಲವೂ ಹೊರಗಿನಿಂದ ಬಂದ ಇಬ್ಬರ ಮದುವೆಗೆ ಹಿನ್ನೆಲೆ ಸಂಗೀತವಾಗುತ್ತವೆ.

ಕೊನೆಯ ಪತ್ರ ಈ ಹಂಚಿಕೆಗೆ ಮೊಹರು ಒತ್ತುತ್ತದೆ. ನಾನು ಹೋಗಿದ್ದೆ, ಆದ್ದರಿಂದ ಇದು ನಿಜ. ಬಸ್ಸಿನ ಬಣ್ಣ ಸರಿಯಾಗಿದೆ, ಹಣ್ಣಿನ ಹೆಸರು ಸರಿಯಾಗಿದೆ, ಏರ್‌ಪೋರ್ಟಿನಿಂದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬುದೂ ಸರಿಯಾಗಿದೆ. ಇಷ್ಟೆಲ್ಲ ಸರಿಯಿದ್ದ ಮೇಲೆ ಆ ಡ್ರೈವರ್ ಮೋಸಗಾರನಾಗಿರುವುದೂ ಸರಿಯೇ ಇರಬೇಕು ಎಂದು ಓದುಗರ ಮನಸ್ಸು ತಾನಾಗಿ ಒಪ್ಪಿಕೊಳ್ಳುತ್ತದೆ. ವಿವರಗಳ ನಿಖರತೆ ನಿಲುವಿನ ಸೋಮಾರಿತನವನ್ನು ಮುಚ್ಚಿಡುತ್ತದೆ.

ಹೋಗದೆ ಬರೆಯುವುದಕ್ಕಿಂತ ಹೋಗಿ ಬರೆಯುವುದು ಮೇಲಲ್ಲವೇ ಎಂದು ಕೇಳಬಹುದು. ಅಷ್ಟು ಬೇಗ ಒಪ್ಪಲಾರೆ. ಕ್ರೈಸ್ತ ಜಗತ್ತಿನ ಅತ್ಯಂತ ಪ್ರಸಿದ್ಧ ಪ್ರಯಾಣದ ಕತೆ 'ದಿ ಪಿಲ್ಗ್ರಿಮ್ಸ್ ಪ್ರೋಗ್ರೆಸ್'. ಅದನ್ನು ಬರೆದ ಜಾನ್ ಬನ್ಯನ್, ಅನುಮತಿಯಿಲ್ಲದೆ ಬೋಧಿಸಿದ ತಪ್ಪಿಗೆ 1660ರಿಂದ 1672ರವರೆಗೆ ಬೆಡ್‌ಫರ್ಡಿನ ಜೈಲಿನಲ್ಲಿದ್ದವನು. 1678ರಲ್ಲಿ ಬಂದ ಆ ಪುಸ್ತಕದ ಊರುಗಳಿಗೆ ಯಾರೂ ಟಿಕೆಟ್ ತೆಗೆಸಲಾರರು. ಆದರೂ ಮಿಷನರಿಗಳು ಅದನ್ನು 'ಯಾತ್ರಿಕನ ಸಂಚಾರ' ಎಂದು ಹತ್ತೊಂಬತ್ತನೆಯ ಶತಮಾನದ ಕನ್ನಡಕ್ಕೆ ತಂದಾಗ ಅದು ಇಲ್ಲಿಯೂ ಓಡಾಡಿತು. ಅದರ ಯಾತ್ರಿಕ ಹೆದರುವುದು ಹೊರಗಿನವರಿಗೆ ಮಾತ್ರವಲ್ಲ. ಕೆಸರಿನಲ್ಲಿ ಹೂತುಹೋಗುತ್ತಾನೆ, ದಾರಿ ತಪ್ಪುತ್ತಾನೆ, ಹತಾಶೆಯ ದೈತ್ಯನ ಕೋಟೆಯಲ್ಲಿ ಸಾಯಲು ಯೋಚಿಸುತ್ತಾನೆ. ಭಯ ಅವನೊಳಗೇ ಇದೆ. ಅದನ್ನು ಯಾವ ಬಡ ದೇಶದಿಂದಲೂ ಕಡ ತರಬೇಕಾಗಿಲ್ಲ.

ಹಾಗಾದರೆ ಅನುಭವಕ್ಕೆ ಬೆಲೆಯೇ ಇಲ್ಲವೇ? ಇದೆ, ಬಹಳ ಇದೆ. ಅದು ಹೇಗೆ ಬೆಲೆಬಾಳುತ್ತದೆ ಎಂಬುದಕ್ಕೆ ಇದೇ ಪರಂಪರೆಯ ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಕ್ಯಾಥರೀನ್ ಮಾರ್ಷಲ್ ಅವರ 'ಕ್ರಿಸ್ಟಿ'. 1967ರಲ್ಲಿ ಬಂದ ಈ ಕಾದಂಬರಿಯ ಹೆಸರನ್ನೇ ಅಮೆರಿಕದ ಕ್ರೈಸ್ತ ಕಾದಂಬರಿಗಳಿಗೆ ಕೊಡುವ ಪ್ರಶಸ್ತಿಗೂ ಇಟ್ಟಿದ್ದಾರೆ. ಹತ್ತೊಂಬತ್ತರ ಹುಡುಗಿ 1912ರಲ್ಲಿ ಟೆನೆಸಿಯ ಸ್ಮೋಕಿ ಬೆಟ್ಟಗಳ ನಡುವಿನ ಮಿಷನ್ ಶಾಲೆಗೆ ಪಾಠ ಹೇಳಲು ಹೋಗುತ್ತಾಳೆ. ಕಳ್ಳಭಟ್ಟಿ, ಮನೆತನಗಳ ಹಗೆ, ಗುಂಡೇಟು, ಇಬ್ಬರು ಗಂಡಸರ ಪ್ರೀತಿ ಎಲ್ಲವೂ ಇದೆ. ಕತೆಗೆ ಆಧಾರ ಲೇಖಕಿಯ ತಾಯಿ ಲಿಯೊನೋರಾ ವಿಟೇಕರ್ ಅವರ ಬದುಕು. ಅಂದರೆ ಇದು ಹೋಗಿ ಬಂದವಳು ಬರೆದದ್ದಲ್ಲ. ಹೋಗಿದ್ದವಳನ್ನು ವರ್ಷಗಟ್ಟಲೆ ಕೇಳಿಸಿಕೊಂಡವಳು ಬರೆದದ್ದು.

ಇಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಬದಲಾವಣೆ. ನಿಜಜೀವನದಲ್ಲಿ ಲಿಯೊನೋರಾ ಮದುವೆಯಾದದ್ದು ಆ ಮಿಷನ್ನಿನ ಯುವ ಪಾದ್ರಿಯನ್ನು. ಕ್ಯಾಥರೀನ್ ಆ ಮದುವೆಯ ಮಗಳು. ಆದರೆ ಕಾದಂಬರಿಯ ಕೊನೆಯ ಪುಟಗಳು ವಾಲುವುದು ವಿಶ್ವಾಸ ಕಳೆದುಕೊಂಡಿದ್ದ ಡಾಕ್ಟರ್ ಮ್ಯಾಕ್‌ನೀಲ್ ಕಡೆಗೆ. ಅವನು ಆ ಬೆಟ್ಟದವನೇ. ಕಲಿಯಲು ಹೊರಗೆ ಹೋಗಿ ತಿರುಗಿ ಬಂದವನು, ಮಿಷನ್ನಿನ ಉತ್ಸಾಹವನ್ನು ಅನುಮಾನದಿಂದ ನೋಡುವವನು. ಸುಖಾಂತ್ಯಕ್ಕೆ ಪಾದ್ರಿ ಸಾಕಾಗಿದ್ದ. ಮನೆಯ ಸತ್ಯಕ್ಕೂ ಅವನೇ ಸಾಕಾಗಿದ್ದ. ಆದರೂ ಮಗಳು ತನ್ನ ಹುಟ್ಟಿಗೆ ಕಾರಣವಾದ ಘಟನೆಯನ್ನೇ ಪಕ್ಕಕ್ಕಿಟ್ಟು ಆ ಊರಿನವನಿಗೆ ಜಾಗ ಮಾಡಿಕೊಟ್ಟಳು. ಟೈಫಾಯ್ಡ್ ಬಂದಾಗ ಕ್ರಿಸ್ಟಿಯ ಜೀವದ ಗೆಳತಿ ಫೇರ್‌ಲೈಟ್ ಸಾಯುತ್ತಾಳೆ. ಅವಳೂ ಬೆಟ್ಟದ ಹೆಂಗಸು. ಆ ಸಾವಿಗೆ ಸಿದ್ಧ ಉತ್ತರವಿಲ್ಲದೆ ನಾಯಕಿಯ ನಂಬಿಕೆ ನೆಲಕಚ್ಚುತ್ತದೆ. ಕಾದಂಬರಿ ಅವಳನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ ನಿಜ. ಹೊರಗಿನವಳ ಕಣ್ಣಿಗೆ ಬೆಟ್ಟದವರು ವಿಚಿತ್ರವಾಗಿ ಕಾಣುವ ಪುಟಗಳೂ ಇವೆ. ಆದರೆ ಅಲ್ಲಿನವರು ಬರೀ ಅಪಾಯವಾಗಿ ಉಳಿಯಲಿಲ್ಲ.

ಎರಡನೆಯ ಉದಾಹರಣೆ ಎಲಿಜಬೆತ್ ಎಲಿಯಟ್. ಅವರು ಬರೆದದ್ದು ರೊಮ್ಯಾಂಟಿಕ್ ಸಸ್ಪೆನ್ಸ್ ಅಲ್ಲ. ಆದರೆ ಅದಕ್ಕೆ ಬೇಕಾದ ಸಾಮಗ್ರಿ ಅವರಷ್ಟು ಇದ್ದವರು ಕಡಿಮೆ. 1952ರಲ್ಲಿ ಈಕ್ವಡಾರಿಗೆ ಹೋದರು. 1953ರಲ್ಲಿ ಜಿಮ್ ಎಲಿಯಟ್ ಜೊತೆ ಮದುವೆ. 1956ರ ಜನವರಿ 8ರಂದು ಕುರಾರೈ ನದಿಯ ಮರಳದಂಡೆಯಲ್ಲಿ ಜಿಮ್ ಮತ್ತು ಅವರ ನಾಲ್ವರು ಸಂಗಾತಿಗಳನ್ನು ವಾವೊರಾನಿ ಜನ ಈಟಿಯಿಂದ ಕೊಂದರು. ಮಗಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. 1958ರಲ್ಲಿ ಎಲಿಜಬೆತ್ ಆ ಪುಟ್ಟ ಮಗಳನ್ನು ಕರೆದುಕೊಂಡು ಗಂಡನನ್ನು ಕೊಂದವರ ನಡುವೆಯೇ ವಾಸಿಸಲು ಹೋದರು. ಕೊಲೆ, ಕಾಡು, ವಿಧವೆ, ಕ್ಷಮೆ. ಇದಕ್ಕಿಂತ ದೊಡ್ಡ ಕತೆಯನ್ನು ಯಾವ ಪ್ರಕಾಶಕ ಕೇಳಿಯಾನು?

ಇಷ್ಟಾದ ಮೇಲೆ ಅವರು 1966ರಲ್ಲಿ ಒಂದು ಕಾದಂಬರಿ ಬರೆದರು: 'ನೋ ಗ್ರೇವನ್ ಇಮೇಜ್'. ಅದರಲ್ಲಿ ಈಟಿಯಿಲ್ಲ, ಹುತಾತ್ಮರಿಲ್ಲ. ಮಾರ್ಗರೆಟ್ ಎಂಬ ಒಂಟಿ ಮಿಷನರಿ ಈಕ್ವಡಾರಿನ ಬೆಟ್ಟಗಳಲ್ಲಿ ಕ್ವಿಚುವಾ ಜನರ ನಡುವೆ ಬೈಬಲ್ ಅನುವಾದದ ಕೆಲಸಕ್ಕೆ ತೊಡಗುತ್ತಾಳೆ. ಭಾಷೆ ಕಲಿಸುವ ಪೆದ್ರೊ ಎಂಬ ಸ್ಥಳೀಯನ ಮೇಲೆ ಇಡೀ ಕೆಲಸ ನಿಂತಿದೆ. ಅವನಿಗೆ ಕಾಯಿಲೆಯಾಗುತ್ತದೆ. ಅವಳು ಪ್ರಾರ್ಥಿಸಿ ಪೆನಿಸಿಲಿನ್ ಚುಚ್ಚುತ್ತಾಳೆ. ಆ ಔಷಧಿ ಒಗ್ಗದೆ ಅವನು ಸಾಯುತ್ತಾನೆ. ದೇವರು ಏಕೆ ಹೀಗೆ ಮಾಡಿದ ಎಂಬುದಕ್ಕೆ ಕಾದಂಬರಿ ಕಾರಣ ಕೊಡುವುದಿಲ್ಲ. ಅವರ ಮೊದಲ ಪುಸ್ತಕಗಳನ್ನು ಎದೆಗವಚಿಕೊಂಡಿದ್ದ ಎಷ್ಟೋ ಭಕ್ತ ಓದುಗರಿಗೆ ಇದು ರುಚಿಸಲಿಲ್ಲ.

ಇದರ ಹಿಂದಿನ ಅನುಭವ ನೋಡಿ. ಮದುವೆಗೆ ಮುಂಚೆ ಎಲಿಜಬೆತ್ ಈಕ್ವಡಾರಿನ ಪಶ್ಚಿಮದ ಕಾಡಿನಲ್ಲಿ ಕೊಲೊರಾದೊ ಎಂದು ಕರೆಯುತ್ತಿದ್ದ ಜನರ ಭಾಷೆಗೆ ಲಿಪಿ ಕೊಡುವ ಕೆಲಸದಲ್ಲಿದ್ದರು. ಅವರಿಗೆ ನೆರವಾಗುತ್ತಿದ್ದ ಮಕಾರಿಯೊ ಎಂಬಾತನನ್ನು ಯಾರೋ ಗುಂಡಿಟ್ಟು ಕೊಂದರು. ಭಾಷೆಯ ಟಿಪ್ಪಣಿಗಳಿದ್ದ ಪೆಟ್ಟಿಗೆಯೂ ಆಮೇಲೆ ಕಳುವಾಯಿತು. ಈ ನಿಜಘಟನೆಯನ್ನು 1975ರ 'ದೀಸ್ ಸ್ಟ್ರೇಂಜ್ ಆಶಸ್' ಪುಸ್ತಕದಲ್ಲಿ ಅವರೇ ಬರೆದಿದ್ದಾರೆ. ನಿಜದಲ್ಲಿ ಸಾವಿಗೆ ಕಾರಣ ಬೇರೆಯವರ ಬಂದೂಕು. ಕಾದಂಬರಿಯಲ್ಲಿ ನಾಯಕಿಯ ಕೈಯಲ್ಲಿರುವ ಸಿರಿಂಜು. ಸಸ್ಪೆನ್ಸ್ ಬರೆಯುವವರಿಗೆ ಆ ಬಂದೂಕು ಹಬ್ಬದೂಟ. ಎಲಿಯಟ್ ಅದನ್ನು ಬಿಟ್ಟುಕೊಟ್ಟರು. ಅಪಾಯವನ್ನು ಊರಿನವರ ಕೈಯಿಂದ ತೆಗೆದು, ಒಳ್ಳೆಯದು ಮಾಡಲು ಬಂದವಳ ಕೈಗೆ ಕೊಟ್ಟರು. ಅನುಭವ ಕಾದಂಬರಿಯಾಗುವುದು ಎಂದು ನಾನು ಕರೆಯುವುದು ಇದನ್ನು.

ಆ ಮರಳದಂಡೆಯ ಕತೆಗೇ ಇನ್ನೊಂದು ಮಗ್ಗುಲಿದೆ. ಸುದ್ದಿಪತ್ರಿಕೆಗಳು ಕೊಂದವರನ್ನು 'ಔಕಾ' ಎಂದು ಕರೆದವು. ಅದು ನೆರೆಯ ಕ್ವಿಚುವಾ ಜನ ಅವರಿಗೆ ಇಟ್ಟ ಹೆಸರು, ಕಾಡರು ಎಂಬ ಬೈಗುಳ. ತಮ್ಮನ್ನು ತಾವು ಅವರು ವಾವೊರಾನಿ ಎನ್ನುತ್ತಾರೆ, ಅಂದರೆ ಮನುಷ್ಯರು. ಎಷ್ಟೋ ವರ್ಷಗಳ ನಂತರ ವಾವೊರಾನಿ ಹಿರಿಯರು ಬಿಡಿಸಿ ಹೇಳಿದ ಪ್ರಕಾರ ಆ ಕೊಲೆಗಳ ಹಿಂದೆ ಅವರೊಳಗಿನದೇ ಒಂದು ಮದುವೆಯ ಜಗಳವಿತ್ತು. ಒಬ್ಬ ಗಂಡಸು, ಅವನು ಬಯಸಿದ ಹುಡುಗಿ, ಒಪ್ಪದ ಮನೆಯವರು. ತನ್ನ ಮೇಲಿನ ಸಿಟ್ಟನ್ನು ತಿರುಗಿಸಲು ಅವನು ಪರದೇಶಿಗಳು ನಮ್ಮ ಮೇಲೆರಗಿದರು ಎಂದು ಸುಳ್ಳು ಹೇಳಿದ. ಹೊರಗಿನವರ ಮೇಲೆ ಅವರಿಗೆ ಮೊದಲಿಂದಲೂ ಇದ್ದ ಭಯಕ್ಕೆ ಆ ಸುಳ್ಳು ಕಿಡಿಯಾಯಿತು. ನಿಜವಾದ ಪ್ರೇಮ, ನಿಜವಾದ ಸಸ್ಪೆನ್ಸ್ ಎಲ್ಲವೂ ನದಿಯ ಆ ದಡದಲ್ಲಿತ್ತು. ಅದು ಹೊರಗೆ ಬರಲು ಯಾರೋ ಅವರ ಭಾಷೆ ಕಲಿತು, ಅವರ ಬೆಂಕಿಯ ಸುತ್ತ ವರ್ಷಗಟ್ಟಲೆ ಕೂರಬೇಕಾಯಿತು. ಎರಡು ವಾರದ ವೀಸಾದಲ್ಲಿ ಅದು ಸಿಗುವುದಿಲ್ಲ.

ಎಲಿಯಟ್ ಅವರನ್ನು ಪೀಠದ ಮೇಲೆ ಕೂರಿಸುವುದು ನನ್ನ ಉದ್ದೇಶವಲ್ಲ. ಮಿಷನರಿಗಳು ಹಾಕಿದ ದಾರಿಯಲ್ಲೇ ತೈಲ ಕಂಪನಿಗಳೂ ವಾವೊರಾನಿ ಕಾಡಿಗೆ ನುಗ್ಗಿದವು ಎಂಬ ಟೀಕೆಯಿದೆ, ಅದನ್ನು ತಳ್ಳಿಹಾಕಲಾಗದು. ನನ್ನ ಮಾತು ಇಷ್ಟೇ. ಅಷ್ಟು ಕಂಡ ಒಬ್ಬಳು ಕಾದಂಬರಿ ಬರೆಯಲು ಕೂತಾಗ ತನ್ನ ಅನುಭವವನ್ನು ತನ್ನ ಪರವಾಗಿ ಸಾಕ್ಷಿ ಹೇಳಲು ಕರೆಯಲಿಲ್ಲ.

ಇದು ಹೊರಗಿನವಳ ಟೀಕೆ, ನಿನಗೆ ವಿಶ್ವಾಸದ ಸಾಹಿತ್ಯ ಅರ್ಥವಾಗುವುದಿಲ್ಲ ಎನ್ನುವವರಿಗೆ ಅವರ ಗ್ರಂಥವನ್ನೇ ಮುಂದಿಡುತ್ತೇನೆ. ಬೈಬಲ್ಲಿನಲ್ಲಿ ಪ್ರಯಾಣದ ಕತೆಗಳಿಗೆ ಬರವಿಲ್ಲ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಬಡಿದು ಬಿಸಾಡುತ್ತಾರೆ. ಪಕ್ಕಾ ಸಸ್ಪೆನ್ಸ್ ಆರಂಭ. ಅವನ ಸ್ವಂತ ಜನದ ಯಾಜಕ ಪಕ್ಕದಿಂದ ಹೋಗಿಬಿಡುತ್ತಾನೆ. ಕಾಪಾಡುವವನು ಸಮಾರ್ಯದವನು, ಕೇಳುಗರು ಕೀಳೆಂದುಕೊಂಡಿದ್ದ ಪರಕೀಯ. ಯೋನ ದೇವರ ಮಾತು ಹೊತ್ತು ನಿನೆವೆಗೆ ಹೋಗುತ್ತಾನೆ. ಆ ಊರು ನಾಶವಾಗದೆ ಉಳಿದಾಗ ಅವನಿಗೆ ಸಿಟ್ಟು ಬರುತ್ತದೆ. ಕತೆ ಮುಗಿಯುವುದು ಅವನಿಗೆ ದೇವರು ಕೇಳುವ ಪ್ರಶ್ನೆಯಲ್ಲಿ. ಬೈಬಲ್ಲಿನ ಚಂದದ ಪ್ರೇಮಕತೆಗಳಲ್ಲೊಂದಾದ ರೂತಳ ಕತೆಯಲ್ಲಿ ನಾಯಕಿಯೇ ಮೋವಾಬಿನ ಹೊರಗಿನವಳು. ಸೌಲನಿಗೆ ದಮಸ್ಕದ ದಾರಿಯಲ್ಲಿ ಕಣ್ಣೇ ಹೋಗುತ್ತದೆ, ಕೈಹಿಡಿದು ಊರಿಗೆ ಕರೆದೊಯ್ಯಬೇಕಾಗುತ್ತದೆ. ಈ ಯಾವ ಕತೆಯಲ್ಲೂ ಹೊರಟವರು ಹೊರಟಂತೆಯೇ ತಿರುಗಿ ಬರುವುದಿಲ್ಲ. ಅಪರಿಚಿತ ಊರು ಅವರ ನಂಬಿಕೆಗೆ ಪರೀಕ್ಷೆ ಒಡ್ಡುತ್ತದೆ, ಎಷ್ಟೋ ಸಲ ಪಾಠವನ್ನೂ ಹೇಳುತ್ತದೆ. ಇಂಥ ಗ್ರಂಥವನ್ನು ಮನೆಯಲ್ಲಿಟ್ಟುಕೊಂಡವರು ಸ್ಥಳೀಯ ಡ್ರೈವರನನ್ನು ಮತ್ತೆ ಮತ್ತೆ ಖಳನನ್ನಾಗಿ ಮಾಡುವುದು ಕಲೆಯ ಸೋಲು ಮಾತ್ರವಲ್ಲ, ಅವರದೇ ಲೆಕ್ಕದಲ್ಲಿ ವಿಶ್ವಾಸದ ಸೋಲು ಕೂಡ.

ಇದನ್ನೆಲ್ಲ ಒಂದು ದಿನ ರೂಮ್‌ಮೇಟ್ ಮುಂದೆ ಒಪ್ಪಿಸಿದೆ. ನೈಟ್ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಳು. "ನಿನಗೆ ಎಂತ ಗೊತ್ತುಂಟು ಮಾರಾಯ್ತಿ," ಎಂದಳು. "ಬೆಳಗಿನವರೆಗೆ ಐಸಿಯುವಿನಲ್ಲಿ ನಿಂತು ಬಂದವಳಿಗೆ ಕೊನೆಗೆ ಎಲ್ಲ ಸರಿಯಾಗುವ ಕತೆ ಬೇಕು. ನಿನಗೆ ಥೀಸಿಸ್ ಬೇಕು, ನನಗೆ ನಿದ್ದೆ ಬೇಕು."

ನನ್ನ ವಾದಕ್ಕೆ ನಾನು ಕೇಳಿದ ಅತ್ಯಂತ ಗಟ್ಟಿಯಾದ ಉತ್ತರ ಅದು. ಸಾವನ್ನು ದಿನವೂ ಹತ್ತಿರದಿಂದ ನೋಡುವವರು ಕತೆಯಿಂದ ಅಭಯ ಕೇಳಿದರೆ ಅದನ್ನು ಹಗುರವಾಗಿ ನೋಡುವ ಹಕ್ಕು ನನಗಿಲ್ಲ. ಸುಖಾಂತ್ಯವನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಮುಖ ತೊಳೆದು ಬಂದು ಅವಳೇ ಇನ್ನೊಂದು ಮಾತು ಸೇರಿಸಿದಳು. "ಒಂದರಲ್ಲಿ ಗಲ್ಫಿನ ಆಸ್ಪತ್ರೆ ಬರ್ತದೆ ನೋಡು. ಅಮೆರಿಕದ ಡಾಕ್ಟರಳನ್ನು ಕೊಲ್ಲಲಿಕ್ಕೆ ಬರ್ತಾರೆ. ಅದರಲ್ಲಿ ನಮ್ಮ ಇಂಡಿಯದ ನರ್ಸ್ ಒಬ್ಬಳು ಇದ್ದಾಳೆ. ಬಾಗಿಲು ತೆಗೀತಾಳೆ, ಹೋಗ್ತಾಳೆ. ಹೆಸರೂ ಇಲ್ಲ. ಅಲ್ಲಿ ಓದಿದಾಗ ನಾವು ನಾಲ್ಕು ಮಂದಿ ನಗಾಡಿದ್ದೇ ನಗಾಡಿದ್ದು."

ಏಕೆ ನಕ್ಕಿರಿ ಎಂದು ಕೇಳಿದೆ. "ರಾತ್ರಿಯಿಡೀ ವಾರ್ಡು ನಡೆಸುವುದು ನಾವಲ್ವಾ?" ಎಂದು ಹೇಳಿ ಮಲಗಿಬಿಟ್ಟಳು.

ಆ ಪುಸ್ತಕದ ಕೊನೆಯ ಪತ್ರವನ್ನು ಹುಡುಕಿ ಓದಿದೆ. ಲೇಖಕಿ ಆ ದೇಶಕ್ಕೆ ಹೋಗಿದ್ದರು. ಆಸ್ಪತ್ರೆಯನ್ನೂ ನೋಡಿದ್ದರು. ಕಾರಿಡಾರಿನ ದೀಪದ ಬೆಳಕು ಹೇಗಿತ್ತು ಎಂಬುದನ್ನು ಸೊಗಸಾಗಿ ಬರೆದಿದ್ದರು. ಬಾಗಿಲು ತೆಗೆದವಳನ್ನು ಮಾತನಾಡಿಸಿರಲಿಲ್ಲ. ಮಾತನಾಡಿಸಿದ್ದರೆ ಸುಖಾಂತ್ಯಕ್ಕೇನೂ ಧಕ್ಕೆಯಾಗುತ್ತಿರಲಿಲ್ಲ. ಕೊಲೆಗಾರ ಯಾವ ಬಾಗಿಲಿನಿಂದ ಒಳಗೆ ಬರಬಲ್ಲ ಎಂಬುದು ಆ ಕಟ್ಟಡದಲ್ಲಿ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕತೆ ಇನ್ನಷ್ಟು ಬಿಗಿಯಾಗುತ್ತಿತ್ತು. ನನ್ನ ಗೆಳತಿಗೆ ನಿದ್ದೆಯೂ ಬರುತ್ತಿತ್ತು, ಹೆಸರೂ ಸಿಗುತ್ತಿತ್ತು.

ಅಮೆರಿಕದ ಲೇಖಕಿಯರ ಮೇಲೆ ಇಷ್ಟು ಹೇಳಿ ನಾನು ತಪ್ಪಿಸಿಕೊಳ್ಳುವಂತಿಲ್ಲ. ಕನ್ನಡದಲ್ಲೂ ಅನುಭವ ಎಂಬ ಮಾತಿಗೆ ನಾವು ಬೇಗ ಕೈಮುಗಿಯುತ್ತೇವೆ. ನೈಜ ಘಟನೆ ಆಧಾರಿತ ಎಂದು ಮುಖಪುಟದಲ್ಲಿದ್ದರೆ, ಲೇಖಕರು ಆ ಹಾಡಿಯಲ್ಲಿ ತಿಂಗಳು ಕಾಲ ಇದ್ದರು ಎಂದು ಬೆನ್ನುಡಿ ಹೇಳಿದರೆ ವಿಮರ್ಶೆ ಅರ್ಧ ಮುಗಿದಂತೆ. ನಾನೂ ಅದನ್ನೇ ಮಾಡಿದೆ. ನಾ. ಡಿಸೋಜ ಅವರ ಕಾದಂಬರಿಗಳ ಮೇಲಿನ ಅಧ್ಯಾಯಕ್ಕಾಗಿ ಲಿಂಗನಮಕ್ಕಿ ಹಿನ್ನೀರಿಗೆ ಹೋಗಿ ಎರಡು ದಿನ ಇದ್ದೆ. ಲಾಂಚಿನಲ್ಲಿ ದಾಟಿದೆ, ಫೋಟೊ ತೆಗೆದೆ, ಕ್ಷೇತ್ರಕಾರ್ಯದ ಹಿನ್ನೆಲೆಯಲ್ಲಿ ಎಂದು ಅಧ್ಯಾಯದ ಮೊದಲ ವಾಕ್ಯ ಬರೆದೆ. ಗೈಡ್ ಮೇಡಂ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: ನೀವು ಹೋದದ್ದು ಸಂತೋಷ. ಹೋಗುವ ಮೊದಲು ತಿಳಿದುಕೊಂಡಿದ್ದ ಯಾವುದು ತಪ್ಪೆಂದು ಗೊತ್ತಾಯಿತು?

ಉತ್ತರವಿರಲಿಲ್ಲ. ಅಲ್ಲಿ ಚಹಾ ಕೊಟ್ಟ ಅಜ್ಜರೊಬ್ಬರು ಹೇಳಿದ ಮಾತನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ, ಅಧ್ಯಾಯದಲ್ಲಿ ಬಳಸಿರಲಿಲ್ಲ: "ಬಂದೋರೆಲ್ಲ ನೀರು ನೋಡಿ ಹೋಗ್ತಾರೆ. ಅಡಿಗೆ ಏನಿತ್ತು ಅಂತ ಕೇಳೋರು ಕಡಿಮೆ."

ಡಿಸೋಜ ಅವರು ಕೇಳಿದ್ದರು. ಸಾಗರದ ಕ್ರೈಸ್ತ ಮನೆತನದ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು. ಅಂದರೆ ಮುಳುಗಿಸುತ್ತಿದ್ದ ಕಡೆಯ ಸಂಬಳ ಪಡೆದವರು. ಅವರ 'ದ್ವೀಪ'ದಲ್ಲಿ ಏರುತ್ತಿರುವ ನೀರಿನ ನಡುವೆ ಉಳಿದುಹೋದ ಗಣಪಯ್ಯ, ನಾಗವೇಣಿಯರ ಮನೆಯಿದೆ. ನೀರು ಇನ್ನೆಷ್ಟು ಏರುತ್ತದೆ ಎಂಬ ಭಯಕ್ಕಿಂತ ದೊಡ್ಡ ಭಯ ಗಂಡಹೆಂಡಿರ ನಡುವೆ ಏಳುವ ಅನುಮಾನದ್ದು. ನನಗೆ ಅದು ಕನ್ನಡದ ಒಳ್ಳೆಯ ಸಸ್ಪೆನ್ಸ್ ಕಾದಂಬರಿಗಳಲ್ಲಿ ಒಂದು. ನಾನು ಅಲ್ಲಿದ್ದೆ ಎಂಬ ಮೊಹರು ಅದಕ್ಕೆ ಬೇಕಾಗಲಿಲ್ಲ. ಅಲ್ಲಿದ್ದದ್ದು ಅವರಿಗೆ ಹೆಮ್ಮೆಗಿಂತ ಹೆಚ್ಚಾಗಿ ಒಂದು ಋಣವಾಗಿತ್ತು ಎಂದು ಓದುವಾಗ ಅನಿಸುತ್ತದೆ.

ಆದ್ದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಪ್ರಯಾಣ ಮಾಡಿ, ಬರೆಯಿರಿ, ಪ್ರೇಮವನ್ನು ಕೂಡಿಸಿ, ದೇವರನ್ನು ನೆನೆಯಿರಿ. ಆದರೆ ಕೊನೆಯ ಪುಟದ ಪತ್ರದಲ್ಲಿ ನಾನು ಹೋಗಿದ್ದೆ ಎಂದು ಬರೆಯುವ ಮೊದಲು ಗೈಡ್ ಮೇಡಂ ಅವರ ಕೆಂಪು ಶಾಯಿಯ ಪ್ರಶ್ನೆಗೆ ಒಂದು ಸಾಲು ಉತ್ತರ ಬರೆಯಿರಿ. ಉತ್ತರ ಹೊಳೆಯದಿದ್ದರೆ ಪತ್ರವನ್ನು ಬಿಟ್ಟುಬಿಡಿ. ಕತೆ ತನ್ನ ಕಾಲ ಮೇಲೆ ನಿಂತರೆ ನಿಲ್ಲಲಿ.

ನನ್ನ ಅಧ್ಯಾಯದ ಮೊದಲ ವಾಕ್ಯವನ್ನು ನಾನು ಹೊಡೆದುಹಾಕಿದ್ದೇನೆ. ಮಳೆ ಮುಗಿದ ಮೇಲೆ ಮತ್ತೆ ಅಲ್ಲಿಗೆ ಹೋಗಬೇಕು. ಈ ಸಲ ನೀರಿನ ಅಡಿಗೆ ಏನಿತ್ತು ಎಂದು ಕೇಳಬೇಕು.